‘ತರವಾಡು ಮನೆ’ ಗುಂಪಿನಲ್ಲಿ 54 ನಿಮಿಷದ ಪಾಠ

(ಆದಿತ್ಯವಾರ ಬೆಳಿಗ್ಗೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದೊಡ್ಡಪ್ಪ ಒಂದು ಆನ್‌ಲೈನ್ ಕಾಲೇಜು ಪಾಠದ ವಿಡಿಯೋ ಹಾಕಿದರು. ಗುಡ್‌ಮಾರ್ನಿಂಗ್ ಹೂವುಗಳೆಲ್ಲ ಮೇಲೆ ಹೋದವು.)

ದೊಡ್ಡಪ್ಪ: ಪಾಠ ಅಂದರೆ ಹೀಗಿರಬೇಕು. 54 ನಿಮಿಷ, ಒಂದು ಸಲವೂ ನಿಲ್ಲಿಸಲಿಲ್ಲ. ಡಿಗ್ರಿ ಮಕ್ಕಳು ನೋಡಿ.

ನಾನು: ನಿಲ್ಲಿಸದ್ದೇ ತಾಪತ್ರಯ ದೊಡ್ಡಪ್ಪ 😅

ಪೆರ್ಲ ಅತ್ತೆ: ಅಣ್ಣ, ಎಡ್‌ಎಕ್ಸ್ ಅಂತ ಆನ್‌ಲೈನ್ ಕೋರ್ಸುಗಳ ತಾಣ ಉಂಟಲ್ಲ, ಅದರ ನಾಲ್ಕು ಕೋರ್ಸುಗಳಲ್ಲಿ ಮಕ್ಕಳು 69 ಲಕ್ಷ ಸಲ ವಿಡಿಯೋ ತೆರೆದ ಲೆಕ್ಕ ಹಿಡಿದು 2014ರಲ್ಲಿ ಒಂದು ಅಧ್ಯಯನ ಬಂದಿತ್ತು. ವಿಡಿಯೋ ಎಷ್ಟೇ ಉದ್ದ ಇರಲಿ, ಸಾಮಾನ್ಯವಾಗಿ ನೋಡುವುದು ಆರು ನಿಮಿಷದೊಳಗೆ.

ದೊಡ್ಡಪ್ಪ: ಆರು ನಿಮಿಷಕ್ಕೆ ಹಾಜರಿ ಕರೆದೇ ಮುಗಿಯುವುದಿಲ್ಲ. ಕಾಸರಗೋಡು ಗವರ್ಮೆಂಟ್ ಕಾಲೇಜಿನಲ್ಲಿ ನಾವು ಗಂಟೆಗಟ್ಟಲೆ ಕೂತವರು.

ಪೆರ್ಲ ಅತ್ತೆ: ತೂಕಡಿಸಿದರೆ ಮಾಸ್ಟ್ರು ನಿಲ್ಲಿಸಿ ಪ್ರಶ್ನೆ ಕೇಳ್ತಿದ್ರು ಅಂತ ನೀನೇ ಹೇಳಿದ್ದಲ್ಲವಾ?

ಕುಂಬಳೆ ಭಾವ: ಹಾಗಾದರೆ ಎಲ್ಲರಿಗೂ ಕ್ಯಾಮೆರಾ ಕಡ್ಡಾಯ ಮಾಡಿ ಅತ್ತೆ.

ನಾನು: ಭಾವ, ನಿಮ್ಮದು ಪೇಟೆ. ಇಲ್ಲಿ ಮಳೆ ಹನಿದರೆ ಕರೆಂಟಿಲ್ಲ, ರೇಂಜ್ ಬೇಕಾದರೆ ಗುಡ್ಡೆ ಹತ್ತಬೇಕು. ಕ್ಯಾಮೆರಾ ಹಾಕಿದರೆ ಸ್ವರವೂ ಕಡಿಯುತ್ತದೆ.

ದೊಡ್ಡಪ್ಪ: 2020ರಲ್ಲಿ ಟಿವಿಯಲ್ಲಿ ಕೇರಳ ಸರ್ಕಾರದ ‘ಫಸ್ಟ್ ಬೆಲ್’ ಪಾಠ ನೋಡಿ ಮಕ್ಕಳು ಕಲಿಯಲಿಲ್ಲವಾ ಮತ್ತೆ?

ಪೆರ್ಲ ಅತ್ತೆ: ಅದು ಶಾಲೆಯದ್ದು, ಅದೂ ಅರ್ಧ ಗಂಟೆ. ಪಾಠ ಮುಗಿದ ಮೇಲೆ ಟೀಚರು ವಾಟ್ಸಾಪಿನಲ್ಲಿ ಕೆಲಸ ಕೊಟ್ಟು ನೋಟಿನ ಫೋಟೋ ಕೇಳ್ತಿದ್ರು. ಕಲಿತದ್ದು ಅಲ್ಲಿ. ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ಕೋರ್ಸಿನಲ್ಲೂ ವಿಡಿಯೋ ನಾಲ್ಕರಲ್ಲಿ ಒಂದು ಪಾಲು. ಓದುವ ಪಠ್ಯ, ತನ್ನನ್ನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆ, ಸಂದೇಹ ಕೇಳುವ ಜಾಗ ಉಳಿದ ಮೂರು.

ಪೆರ್ಲ ಅತ್ತೆ: ನನ್ನ ಕ್ಲಾಸಿನಲ್ಲಿ ನಾನು ಮಾಡುವುದು ಇಷ್ಟು. ಎಂಟು ನಿಮಿಷದ ವಿಡಿಯೋ, ಕೈಯಲ್ಲಿ ಬರೆಯುತ್ತಾ. ಕೊನೆಗೆ ಎರಡು ಪ್ರಶ್ನೆ, ಪುಸ್ತಕ ಮುಚ್ಚಿ ಉತ್ತರಿಸಬೇಕು. ಮಾರ್ಕಿಲ್ಲ. ಹೆಚ್ಚು ಮಂದಿ ಎಲ್ಲಿ ತಪ್ಪಿದ್ದಾರೋ ಲೈವ್ ಕ್ಲಾಸು ಅಲ್ಲಿಂದ ಶುರು.

ಕುಂಬಳೆ ಭಾವ: ಮಾರ್ಕಿಲ್ಲದಿದ್ದರೆ ಯಾರು ಬರೀತಾರೆ?

ಪೆರ್ಲ ಅತ್ತೆ: ಮೊದಲ ವಾರ ಅರ್ಧದಷ್ಟೂ ಬರಲಿಲ್ಲ. ಬರೆಯದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಒಬ್ಬಳಿಗೆ ಅಣ್ಣ ಕೆಲಸದಿಂದ ಬಂದ ಮೇಲೆಯೇ ಫೋನ್ ಸಿಗುವುದಂತೆ. ಗಡುವು ರಾತ್ರಿ 8ರಿಂದ ಮರುದಿನಕ್ಕೆ ಹಾಕಿದೆ, ಅಷ್ಟೇ. ಈಗ ಎಲ್ಲರಿಗಿಂತ ಮೊದಲು ಅವಳದ್ದೇ ಬರುತ್ತದೆ.

(ಭಾವ ಹೆಬ್ಬೆಟ್ಟು ಒತ್ತಿದರು. ಸೋತಾಗ ಅವರದ್ದು ಅದೇ.)

ದೊಡ್ಡಪ್ಪ: ಎಲ್ಲ ಸರಿ ಮಾರಾಯ್ತಿ, ಈ ವಿಡಿಯೋ ನೀನು ನೋಡಿದೆಯಾ?

ಪೆರ್ಲ ಅತ್ತೆ: ನೋಡಿದೆ. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದ್ದಾರೆ. ಎಂತ ಕೇಳಿದ್ದು ಅಣ್ಣ?

(ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ… ನಿಲ್ಲಿಸಿದರು… ಪುನಃ ಟೈಪ್ ಮಾಡುತ್ತಿದ್ದಾರೆ…)

ದೊಡ್ಡಪ್ಪ: ಇಲ್ಲಿ 18ನೇ ನಿಮಿಷಕ್ಕೆ ಕರೆಂಟು ಹೋಯಿತು.