ಗಣಿತ ಓದಿದವರು ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದ ಬಗೆ ಹೇಗೆ?

ಪ್ರಶ್ನೆ:
ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿದವರೆಂದು ಓದಿದೆ. ನಾನೂ ಗಣಿತದ ಎಂ.ಎಸ್ಸಿ. ವಿದ್ಯಾರ್ಥಿನಿ, ಆಂಟೆನಾಗಳ ಬಗ್ಗೆ ಸಂಶೋಧನೆ ಮಾಡುವ ಆಸೆಯಿದೆ. ಎಂಜಿನಿಯರಿಂಗ್ ಪದವಿಯಿಲ್ಲದೆ ಅವರು ಆ ಕ್ಷೇತ್ರಕ್ಕೆ ಬಂದದ್ದು ಹೇಗೆ, ಗಣಿತ ಅವರಿಗೆ ಯಾವ ರೀತಿ ನೆರವಾಗಿರಬಹುದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಪದವಿಯಿರಲಿಲ್ಲ ಎನ್ನುವುದು ಆರಂಭದ ಮಟ್ಟಿಗೆ ಮಾತ್ರ ನಿಜ. 1943ರಲ್ಲಿ ಅವರು ವಿಜ್ಞಾನ ಸಂಸ್ಥೆಯನ್ನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕಕ್ಕೆ ಹೋಗಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಗಳಿಸಿ, ವಾಷಿಂಗ್ಟನ್ನಿನಲ್ಲಿ ರೇಡಿಯೋ ಆವರ್ತನಗಳ ಅಳತೆಯ ತರಬೇತಿಯನ್ನೂ ಪಡೆದು, ಮಿಷಿಗನ್ನಿನಲ್ಲೇ ಪಿಎಚ್.ಡಿ. ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿದರು. ಅಧ್ಯಾಪಕಿಯಾದದ್ದು ಆ ಬಳಿಕವೇ.

ಉತ್ತರ 2:
ಗಣಿತದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರಶ್ನೆಯ ತಿರುಳು ಅಲ್ಲಿದೆ. ಮನೆಯ 50 ಹರ್ಟ್ಸ್ ವಿದ್ಯುತ್ತಿಗೆ ವೋಲ್ಟೇಜು, ಕರೆಂಟು, ರೋಧಗಳ ಲೆಕ್ಕ ಸಾಕು. ಆದರೆ ಅವರ ಕ್ಷೇತ್ರವಾದ ಮೈಕ್ರೋವೇವ್‌ನಲ್ಲಿ, ಅಂದರೆ ಅತಿ ಹೆಚ್ಚು ಆವರ್ತನದ ರೇಡಿಯೋ ಅಲೆಗಳಲ್ಲಿ, ಹಾಗಲ್ಲ. ಉದಾಹರಣೆಗೆ 10 ಗಿಗಾಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸಾವಿರ ಕೋಟಿ ಕಂಪನಗಳು) ಅಲೆಯ ಉದ್ದ ಕೇವಲ 3 ಸೆಂಟಿಮೀಟರ್; ಉಪಕರಣದ ಬಿಡಿಭಾಗಗಳೇ ಅಷ್ಟು ದೊಡ್ಡದಿರುವುದರಿಂದ ಸಾಮಾನ್ಯ ಸರ್ಕ್ಯೂಟಿನ ನಿಯಮಗಳು ಸಾಲದಾಗುತ್ತವೆ. ಒಳಗಡೆ 22.86 ಮಿ.ಮೀ. ಅಗಲ, 10.16 ಮಿ.ಮೀ. ಎತ್ತರವಿರುವ ಪೊಳ್ಳು ಲೋಹದ ಕೊಳವೆಯನ್ನು, ಅಂದರೆ ಇಂಥ ಅಲೆಗಳನ್ನು ಸಾಗಿಸುವ ವೇವ್‌ಗೈಡನ್ನು, ಪ್ರಯೋಗಾಲಯದಲ್ಲಿ ಕಾಣಬಹುದು. ಸುಮಾರು 6.56 ಗಿಗಾಹರ್ಟ್ಸ್‌ಗಿಂತ ಕೆಳಗಿನ ಅಲೆ ಅದರಲ್ಲಿ ಮುಂದೆ ಸಾಗುವುದೇ ಇಲ್ಲ. ಕಾರಣ ತಿಳಿಯಬೇಕಾದರೆ ಮ್ಯಾಕ್ಸ್‌ವೆಲ್ ಸಮೀಕರಣಗಳನ್ನು (ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಮೂಲ ನಿಯಮಗಳನ್ನು) ಕೊಳವೆಯ ಗೋಡೆಗಳ ಎಲ್ಲೆ ನಿಬಂಧನೆಗಳೊಂದಿಗೆ, ಅಂದರೆ ಗೋಡೆಯ ಬಳಿ ಆ ಕ್ಷೇತ್ರಗಳು ಪಾಲಿಸಲೇಬೇಕಾದ ಷರತ್ತುಗಳೊಂದಿಗೆ, ಬಿಡಿಸಬೇಕು. ನನ್ನ ದೃಷ್ಟಿಯಲ್ಲಿ ಇಂಥ ವಿಷಯಕ್ಕೆ ಗಣಿತದ ಎಂ.ಎಸ್ಸಿ. ಸುತ್ತುದಾರಿಯಲ್ಲ, ನೇರ ದಾರಿಯೇ.

ಉತ್ತರ 3:
ಅವರು ಬರೀ ಸಮೀಕರಣಗಳಲ್ಲೇ ನಿಂತವರಲ್ಲ. ಸಂಸ್ಥೆಯ ಅದೇ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿದ್ದ ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದರು. ವಿದ್ಯುತ್ಕಾಂತೀಯ ಸಿದ್ಧಾಂತವನ್ನು ಪಾಠ ಹೇಳಿದರು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ವಿಭಾಗದ ಮುಖ್ಯಸ್ಥೆಯೂ ಆದರು. ಇಂದಿಗೂ ಎಷ್ಟೋ ಎಂಜಿನಿಯರಿಂಗ್ ವಿಭಾಗಗಳಲ್ಲಿ ಅಧ್ಯಾಪಕಿಯರ ಸಂಖ್ಯೆ ಕಡಿಮೆಯಿರುವಾಗ, 1953ರಲ್ಲೇ ಅವರು ಅಧ್ಯಾಪಕಿಯಾಗಿದ್ದರೆಂಬುದು ನನಗೆ ಬಹಳ ದೊಡ್ಡ ಸಂಗತಿ. ತಾವು ಸಂಶೋಧನೆಗೆ ಅರ್ಜಿ ಹಾಕುವ ಮುನ್ನ ಆಂಶಿಕ ಅವಕಲ ಸಮೀಕರಣಗಳನ್ನು (ಪಾರ್ಷಿಯಲ್ ಡಿಫರೆನ್ಶಿಯಲ್ ಈಕ್ವೇಶನ್ಸ್) ಗಟ್ಟಿಮಾಡಿಕೊಳ್ಳಿ; ಮ್ಯಾಕ್ಸ್‌ವೆಲ್ ಸಮೀಕರಣಗಳು ಆ ಬಗೆಯವೇ. ಜೊತೆಗೆ ಯಾವುದಾದರೂ ಪ್ರಯೋಗಾಲಯದಲ್ಲಿ ಆಂಟೆನಾ ಅಳೆಯುವುದನ್ನೂ ಕಲಿಯಿರಿ.