ದಾಳಿಂಬೆಗೆ ದಿನಕ್ಕೆ ಎಷ್ಟು ಲೀಟರ್ ನೀರು? ಸಾಸವಡದ ತೋಟದಿಂದ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾವು ವಿಜಯಪುರದ ಕಡೆಯವರು. ಪುಣೆಯ ಕೊಥ್ರೂಡ್‌ನಲ್ಲಿ ಮನೆ, ಸಾಸವಡದ ಹತ್ತಿರ ಎರಡು ಎಕರೆ ತೋಟ. ಐದು ವರ್ಷದ ಭಗವಾ ತಳಿಯ ದಾಳಿಂಬೆ, ಆಂಬೆ ಬಹಾರ್ (ಜನವರಿ-ಫೆಬ್ರವರಿಯ ಹೂವಿನ ಫಸಲು) ಹಿಡಿದಿದ್ದೇವೆ. ಗರಸು (ಸಣ್ಣ ಕಲ್ಲು ಬೆರೆತ) ಮಣ್ಣು. ಗಿಡಕ್ಕೆ 4 ಡ್ರಿಪ್ಪರ್, ಒಂದೊಂದೂ ಗಂಟೆಗೆ 4 ಲೀಟರ್ ಬಿಡುವಂಥದು. ಫೆಬ್ರವರಿಯಿಂದ ವಾರಕ್ಕೆ ಮೂರು ಸಲ, ಎರಡೆರಡು ಗಂಟೆ ನೀರು ಬಿಡುತ್ತಿದ್ದೆವು. ಎಲ್ಲ ಚೆನ್ನಾಗಿಯೇ ಇತ್ತು. ಏಪ್ರಿಲ್‌ನಲ್ಲಿ ಎಲೆ ಬಾಡಿದ ಹಾಗೆ ಕಂಡಿತು. ಪಾಪ ಅನ್ನಿಸಿ ಒಂದು ಭಾನುವಾರ ಆರು ಗಂಟೆ ಬಿಟ್ಟೆ. ನಾಲ್ಕೇ ದಿನದಲ್ಲಿ ಕಾಯಿ ಬಿರಿಯಲು ಶುರುವಾಯಿತು. ನೀರು ಜಾಸ್ತಿ ಆಯಿತೋ, ಕಡಿಮೆ ಆಯಿತೋ?

ಉತ್ತರ: ಎರಡೂ ಆಗಿದೆ. ಮೊದಲು ಕಡಿಮೆ, ಆಮೇಲೆ ಒಮ್ಮೆಲೇ ಜಾಸ್ತಿ. ಬಾಯಾರಿದ ಗಿಡದಲ್ಲಿ ಕಾಯಿಯ ಸಿಪ್ಪೆ ಗಟ್ಟಿಯಾಗುತ್ತದೆ. ಆಗ ಒಂದೇ ದಿನ 96 ಲೀಟರ್ (4 ಡ್ರಿಪ್ಪರ್ × 4 ಲೀಟರ್ × 6 ಗಂಟೆ) ಸಿಕ್ಕರೆ ಒಳಗಿನ ಕಾಳು ಉಬ್ಬುತ್ತವೆ, ಸಿಪ್ಪೆ ಹಿಗ್ಗುವುದಿಲ್ಲ, ಬಿರಿಯುತ್ತದೆ. ಬೋರಾನ್ ಕೊರತೆಯಿಂದಲೂ ಬಿರಿಯುವುದುಂಟು, ಆದರೆ ನಿಮ್ಮ ಕಥೆ ಕೇಳಿದರೆ ನನ್ನ ಅನುಮಾನ ನೀರಿನ ಮೇಲೆಯೇ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ಅಂದರೆ ಸರಿಯಾಗಿ 1 ಲೀಟರ್. ಇದೊಂದನ್ನು ನೆನಪಿಡಿ, ಉಳಿದದ್ದು ಬರೀ ಗುಣಾಕಾರ.

ಹವಾಮಾನ ಕೇಂದ್ರಗಳಲ್ಲಿ ಆವಿ ಅಳೆಯುವ ಪ್ಯಾನ್ ಇರುತ್ತದೆ. ಸುಮಾರು 121 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಆಳದ ತಗಡಿನ ತೊಟ್ಟಿ. ದಿನಕ್ಕೆ ಎಷ್ಟು ಮಿಮೀ ನೀರು ಆರಿತು ಎಂದು ನೋಡುತ್ತಾರೆ. (ಹವಾಮಾನ ಇಲಾಖೆಯ ಕೃಷಿ ವಿಭಾಗ 1932ರಲ್ಲಿ ಶುರುವಾದದ್ದು ನಮ್ಮ ಪುಣೆಯಲ್ಲೇ. ಈಗಲೂ ಶಿವಾಜಿನಗರದಲ್ಲಿದೆ. ಆ ದಾರಿಯಲ್ಲಿ ಹೋದಾಗೆಲ್ಲ ನನಗೆ ಖುಷಿಯಾಗುತ್ತದೆ.) ಏಪ್ರಿಲ್ ಬಿಸಿಲಿಗೆ 8 ಮಿಮೀ ಎಂದು ಹಿಡಿಯೋಣ. ತಗಡು ಬೇಗ ಕಾಯುವುದರಿಂದ ಪ್ಯಾನ್‌ನಲ್ಲಿ ನೀರು ಹೊಲಕ್ಕಿಂತ ಜಾಸ್ತಿ ಆರುತ್ತದೆ. ಅದಕ್ಕೆ 0.7ರಿಂದ ಗುಣಿಸಿ: 5.6 ಮಿಮೀ. ಇನ್ನು ಬೆಳೆಯ ಅಂಶ, ಅಂದರೆ ಆ ಹಂತದಲ್ಲಿ ಬೆಳೆ ಎಷ್ಟು ನೀರು ಎಳೆಯುತ್ತದೆ ಎಂದು ತೋರಿಸುವ ಸಂಖ್ಯೆ. ತುಂಬು ಎಲೆ, ಬೆಳೆಯುವ ಕಾಯಿ ಇರುವ ದಾಳಿಂಬೆಗೆ ನಾನು 0.8 ಹಿಡಿಯುತ್ತೇನೆ. ಬಂದದ್ದು 4.5 ಮಿಮೀ.

ಮಧ್ಯಾಹ್ನ ಗಿಡದ ನೆರಳು ಎಷ್ಟು ಅಗಲ ಬೀಳುತ್ತದೆ ಅಳೆಯಿರಿ. ಎರಡೂವರೆ ಮೀಟರ್ ಇದ್ದರೆ ಜಾಗ 4.9 ಚದರ ಮೀಟರ್. 4.5ರಿಂದ ಗುಣಿಸಿದರೆ 22 ಲೀಟರ್. ಡ್ರಿಪ್‌ನಲ್ಲೂ ನೂರಕ್ಕೆ ಹತ್ತು ಪಾಲು ನಷ್ಟ ಇದ್ದೇ ಇರುತ್ತದೆ, ಆದ್ದರಿಂದ 0.9ರಿಂದ ಭಾಗಿಸಿ: ದಿನಕ್ಕೆ ಸುಮಾರು 24.5 ಲೀಟರ್. ವಾರಕ್ಕೆ 171.

ನೀವು ಕೊಡುತ್ತಿದ್ದದ್ದು ವಾರಕ್ಕೆ 96. ಫೆಬ್ರವರಿಯಲ್ಲಿ ಅದು ಸಾಲುತ್ತಿತ್ತು, ಯಾಕೆಂದರೆ ಆಗ ಚಿಗುರು ಎಲೆ, ಅಂಶ 0.5 ಸಾಕು. ಪ್ಯಾನ್ 5 ಮಿಮೀ ಎಂದರೂ ದಿನಕ್ಕೆ ಹತ್ತು ಲೀಟರ್ ದಾಟುವುದಿಲ್ಲ. ಬಿಸಿಲು ಏರಿತು, ಗಿಡ ತುಂಬಿತು, ನಿಮ್ಮ ವೇಳಾಪಟ್ಟಿ ಮಾತ್ರ ಫೆಬ್ರವರಿಯಲ್ಲೇ ನಿಂತಿತ್ತು.

ಪ್ರಶ್ನೆ: ಹಾಗಾದರೆ ನಾಳೆಯಿಂದಲೇ ದಿನಕ್ಕೆ ಒಂದೂವರೆ ಗಂಟೆ ಬಿಡಲಾ?

ಉತ್ತರ: ದಯವಿಟ್ಟು ಬೇಡ. ಬಿರಿದ ಕಾಯಿ ಕೂಡುವುದಿಲ್ಲ, ಉಳಿದವನ್ನು ಕಾಪಾಡಬೇಕು. ಮೊದಲು ದಿನಕ್ಕೆ ಒಂದು ಗಂಟೆ, ಎರಡು ದಿನಕ್ಕೊಮ್ಮೆ ಹತ್ತು ನಿಮಿಷ ಏರಿಸುತ್ತಾ ಒಂದು ವಾರದಲ್ಲಿ ಒಂದೂವರೆ ಗಂಟೆಗೆ ಬನ್ನಿ. ನಿಮ್ಮದು ಗರಸು, ನೀರು ಹಿಡಿದಿಡುವುದಿಲ್ಲ. ಆರು ಗಂಟೆ ಬಿಟ್ಟ ನೀರಲ್ಲಿ ಎಷ್ಟೋ ಭಾಗ ಬೇರಿನ ಕೆಳಗೆ ಇಳಿದುಹೋಗಿದೆ. ಇಂಥ ಮಣ್ಣಿಗೆ ದಿನಾ ಸ್ವಲ್ಪ ಸ್ವಲ್ಪ ಕೊಡುವುದೇ ಸರಿ. ಕಬ್ಬಿನ ರವದಿ (ಒಣ ಸೋಗೆ) ಸಿಕ್ಕರೆ ಬುಡದ ಸುತ್ತ ಹಾಸಿ, ಕಾಂಡಕ್ಕೆ ತಾಗದ ಹಾಗೆ.

ಇನ್ನೊಂದು ಮಾತು. ಡ್ರಿಪ್ಪರ್ ಮೇಲೆ 4 ಲೀಟರ್ ಎಂದು ಬರೆದಿದೆ ಅಂತ ನಂಬಬೇಡಿ. ಸಾಲಿನ ಮೊದಲ ಗಿಡದಲ್ಲೂ ಕೊನೆಯ ಗಿಡದಲ್ಲೂ ಒಂದೊಂದು ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ಆರು ನಿಮಿಷ ಹಿಡಿಯಿರಿ. 400 ಮಿಲಿ ಬಂದರೆ ಸರಿ.

ಗುಂಪಿನ ಇನ್ನೊಬ್ಬ ಸದಸ್ಯೆ: ಸರ್, ನಮ್ಮದೂ ಪುರಂದರ ತಾಲೂಕು, ಆದರೆ ಅಂಜೂರ, ಎರೆ ಮಣ್ಣು. ನಾವೂ ದಿನಾ ಬಿಡಬೇಕಾ?

ಉತ್ತರ: ಬೇಡ ಅಕ್ಕಾ. ಎಷ್ಟು ನೀರು ಅನ್ನುವ ಲೆಕ್ಕದ ದಾರಿ ಅದೇ, ಆದರೆ ನಿಮ್ಮ ಮಣ್ಣು ನೀರನ್ನು ಹಿಡಿದಿಡುತ್ತದೆ. ಎರಡು ಮೂರು ದಿನದ ಪಾಲು ಕೂಡಿಸಿ ಒಮ್ಮೆ ಕೊಡಿ. ಎರೆಯಲ್ಲಿ ದಿನಾ ಬಿಟ್ಟರೆ ಬೇರಿಗೆ ಗಾಳಿ ಸಿಗುವುದಿಲ್ಲ. ಒಂದು ಗೇಣು ಆಳ ಅಗೆದು ಮಣ್ಣು ಹಿಡಿದು ಮುಷ್ಟಿ ಕಟ್ಟಿ. ಉಂಡೆಯಾಗಿ ಕೈಗೆ ಮೆತ್ತಿದರೆ ಇನ್ನೂ ಕಾಯಿರಿ. ಉಂಡೆ ನಿಂತು, ಒತ್ತಿದರೆ ಒಡೆದರೆ ನೀರಿನ ಹೊತ್ತು ಬಂತು. ಹಣ್ಣಾಗುವಾಗ ನೀರು ಸ್ವಲ್ಪ ಕಡಿಮೆ ಮಾಡಿ, ನೀರು ಜಾಸ್ತಿಯಾದರೆ ಅಂಜೂರವೂ ಒಡೆಯುತ್ತದೆ, ಸಿಹಿಯೂ ಇಳಿಯುತ್ತದೆ.

ಪ್ರಶ್ನೆ: ಸರ್, ನಿನ್ನೆ ರಾತ್ರಿ ಕೊಥ್ರೂಡ್‌ನಲ್ಲಿ ಜೋರು ಮಳೆ. ತೋಟ ನೋಡಿಕೊಳ್ಳುವವರಿಗೆ ಇವತ್ತು ನೀರು ಬೇಡ ಎಂದು ಹೇಳಿಬಿಟ್ಟೆ. ಸರಿ ಅಲ್ವಾ?

ಉತ್ತರ: ತೋಟದಲ್ಲಿ ಮಳೆಯಾಯಿತಾ ಎಂದು ಮೊದಲು ಕೇಳಿ! ಪುಣೆಯಿಂದ ಸಾಸವಡಕ್ಕೆ ಹೋಗುವ ದಾರಿಯ ದಿವೆ ಘಾಟ್ ಹತ್ತಿದ ಮೇಲೆ ಮಳೆ ಎಷ್ಟು ಕಡಿಮೆ ಎಂದು ನಿಮಗೇ ಗೊತ್ತು. ಅಲ್ಲೇ ಒಂದು ಮಳೆಮಾಪಕ ನೆಡಿ. 2-3 ಮಿಮೀ ಬಿದ್ದರೆ ಮೇಲ್ಮಣ್ಣಷ್ಟೇ ಒದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 10 ಮಿಮೀ ಬಿದ್ದರೆ ಒಂದೆರಡು ದಿನ ನೀರು ನಿಲ್ಲಿಸಬಹುದು, ಮಣ್ಣು ಮುಟ್ಟಿ ನೋಡಿ ಮತ್ತೆ ಶುರು ಮಾಡಿ.

ಪ್ರಶ್ನೆ: ಅಲ್ಲಿ ನಾಲ್ಕು ಹನಿಯೂ ಬಿದ್ದಿರಲಿಲ್ಲ ಸರ್, ಕೂಡಲೇ ನೀರು ಬಿಡಿಸಿದೆ. ಲೋಟ ಇಟ್ಟು ಅಳೆದದ್ದೂ ಆಯಿತು. ಮೊದಲ ಗಿಡದಲ್ಲಿ 400 ಮಿಲಿ, ಕೊನೆಯದರಲ್ಲಿ 260. ಸಮಯ ಜಾಸ್ತಿ ಮಾಡಲಾ?

ಉತ್ತರ: ಮಾಡಬೇಡಿ. ಕೊನೆಯ ಗಿಡಕ್ಕೆ 24.5 ಲೀಟರ್ ಮುಟ್ಟಬೇಕೆಂದರೆ 2 ಗಂಟೆ 20 ನಿಮಿಷ ಬೇಕು. ಅಷ್ಟರಲ್ಲಿ ಮೊದಲ ಗಿಡಕ್ಕೆ 37 ಲೀಟರ್ ಹೋಗಿರುತ್ತದೆ, ಮತ್ತೆ ಬಿರಿಯುತ್ತವೆ. ಫಿಲ್ಟರ್ ತೊಳೆಯಿರಿ, ಪ್ರತಿ ಲ್ಯಾಟರಲ್‌ನ (ಡ್ರಿಪ್ಪರ್ ಇರುವ ಸಣ್ಣ ಪೈಪಿನ) ಕೊನೆ ಬಿಚ್ಚಿ ತಿಳಿ ನೀರು ಬರುವ ತನಕ ಹರಿಯಲು ಬಿಡಿ. ಬೋರಿನ ಗಡಸು ನೀರಾದರೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಹೆಕ್ಕಳೆ ಕಟ್ಟಿರುತ್ತದೆ, ಫೋಟೋ ಕಳಿಸಿ. ಹಾಗಿದ್ದರೆ ಆಸಿಡ್ ಬಿಡಬೇಕಾಗುತ್ತದೆ, ಅದನ್ನು ನೀವೊಬ್ಬರೇ ಮಾಡಬೇಡಿ. ಶನಿವಾರ ನಾನು ಸಾಸವಡದ ಕಡೆ ಬರುತ್ತೇನೆ, ಜೊತೆಗೇ ಮಾಡೋಣ.