ಅಪ್‌ಡೇಟ್: ಬಡಾವಣೆ ಪಾರ್ಕಿನ ಆಟದ ಜಾಗ

ಶಿವಮೊಗ್ಗದ ನಮ್ಮ ಬಡಾವಣೆ ಪಾರ್ಕಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಆಟದ ಜಾಗ ಹೇಗೆ ಹೊಂದಿಸುವುದು ಅಂತ ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್, ಪ್ಲಾನ್ ಈಗ ಒಂದು ಹಂತಕ್ಕೆ ಬಂದಿದೆ.

ಕ್ರಿಕೆಟ್ ಪಿಚ್ ಬೇಡ ಅಂತಾಯಿತು. ಹುಡುಗರಿಗೆ ಬೇಜಾರಾಗಿದೆ, ಆದರೆ ಪಕ್ಕದಲ್ಲೇ ವಾಕಿಂಗ್ ದಾರಿ ಇದೆ, ವಯಸ್ಸಾದವರು ಓಡಾಡುವಾಗ ಚೆಂಡು ಹಾರಿ ಬಂದರೆ ಕಷ್ಟ ಅಲ್ವಾ?

ಬದಲಿಗೆ ವಾಲಿಬಾಲ್. ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ, ಸುತ್ತ 3 ಮೀಟರ್ ಖಾಲಿ ಬಿಟ್ಟರೂ 24ಕ್ಕೆ 15 ಮೀಟರ್ ಸಾಕು. ಕಂಬದಲ್ಲಿ ನೆಟ್ ಏರಿಸಿ ಇಳಿಸುವ ಹಾಗಿದ್ದರೆ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24, ಚಿಕ್ಕ ಮಕ್ಕಳಿಗೆ ಇನ್ನೂ ಕೆಳಗೆ, ಹೀಗೆ ಒಂದೇ ಅಂಕಣದಲ್ಲಿ ಎಲ್ಲರೂ ಆಡಬಹುದು. ನನಗೆ ಇದೇ ಜಾಸ್ತಿ ಹಿಡಿಸಿದ್ದು. ಕಳಚಿ ತೆಗೆಯುವ ಕಂಬ ಹಾಕಿದರೆ ಅದೇ ಜಾಗದಲ್ಲಿ ಕಬಡ್ಡಿಯ 13ಕ್ಕೆ 10 ಮೀಟರ್ ಅಂಕಣವೂ ಕೂರುತ್ತದೆ. ಕಂಬ ಹಾಗೇ ಬಿಟ್ಟು ಕಬಡ್ಡಿ ಆಡಿಸುವುದು ಮಾತ್ರ ಬೇಡವೇ ಬೇಡ, ಗೆರೆಯ ಹತ್ತಿರವೇ ಕಂಬ ಬರುತ್ತದೆ, ತಲೆಗೆ ಪೆಟ್ಟಾಗುತ್ತದೆ.

ಅಂಕಣದ ಉದ್ದ ಉತ್ತರ ದಕ್ಷಿಣಕ್ಕೇ ಇರಲಿ ಅಂತ ಪಟ್ಟು ಹಿಡಿದಿದ್ದೇನೆ. ಸಂಜೆ ಆಡುವವರೇ ಜಾಸ್ತಿ, ಪಶ್ಚಿಮದ ಬಿಸಿಲು ನೇರ ಕಣ್ಣಿಗೆ ಬಿದ್ದರೆ ಚೆಂಡು ಕಾಣುವುದಿಲ್ಲ. ನಮ್ಮ ಮಳೆಗೆ ನೆಲ ಸ್ವಲ್ಪ ಇಳಿಜಾರಿರಬೇಕು, ಅಂಚಿನಲ್ಲಿ ಚರಂಡಿಯೂ ಬೇಕು, ಇಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೀ ಕೆಸರು.

ಉಳಿದಿರುವುದು ಲೈಟ್ ವಿಷಯ. ಸುತ್ತಲಿನ ಮನೆಗಳಿಗೆ ಬೆಳಕು ಕುಕ್ಕದ ಹಾಗೆ ಹಾಕಿಸಿದವರಿದ್ದರೆ ದಯವಿಟ್ಟು ಹೇಳಿ.